ಟೆಂಟಿನ ಬಟ್ಟೆ ನನ್ನ ಹತ್ತಿರ, ಕಂಬಿ ಅವನ ಹತ್ತಿರ

ಜನವರಿ 19, ಭಾನುವಾರ. ಬೆಳಿಗ್ಗೆ

ಇನ್ನೂ ಬಂದಿಲ್ಲ. ಎಂದಿನಂತೆ.

ಹಾಲಿನ ಬೂತಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಕು ಹರಿಯುವ ಮೊದಲೇ ಊರು ಬಿಡೋಣ ಎಂದವನು ಅವನೇ. ಬೂತಿನವನು ಹಾಲು ಮಾರಿ ಮುಗಿಸಿ ಕ್ರೇಟ್ ತೊಳೆಯುತ್ತಿದ್ದಾನೆ. ಫೋನ್ ಮಾಡಿದರೆ "ಹೊರಟೆ ಕಣೋ, ದಾರೀಲೇ ಇದೀನಿ" ಅಂದ. ಹಿಂದಿನಿಂದ ಬಚ್ಚಲಿನ ನಲ್ಲಿಯ ಸದ್ದು.

ರಜೆ ಕೇಳಿದಾಗ ಪ್ರೆಸ್ಸಿನ ಯಜಮಾನರು ಕನ್ನಡಕದ ಮೇಲಿಂದ ನೋಡಿದ್ದರು. "ಸೈಕಲ್ಲಲ್ಲಾ? ಅದೂ ಟೆಂಟ್ ಕಟ್ಕೊಂಡು?" ಕರಡು ತಿದ್ದುವವನಿಗೆ ಕಣ್ಣು, ಬೆರಳು ಬಿಟ್ಟರೆ ಕಾಲೂ ಇರುತ್ತದೆ ಎಂದು ಅವರಿಗೆ ಹೊಳೆದೇ ಇರಲಿಲ್ಲವೇನೋ.

ಅಕ್ಕ ಗೇಟಿನ ತನಕ ಬಂದಿದ್ದಳು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಎರಡು ಜೊತೆ ಕಾಲುಚೀಲ. "ಅವರ ಜೊತೆ ಜಗಳ ಆಡ್ಬೇಡ ಪುಟ್ಟಾ" ಎಂದಳು. ಅವರ ಜೊತೆ. ಹಾರ್ನ್ ಯಾವಾಗಿನಿಂದ ಬಹುವಚನ ಆದ? ಶಾಲೆಯ ಕಾಲದಿಂದ ಅವನು ಅವಳ ಬಾಯಲ್ಲಿ "ನಿನ್ನ ಹಾರ್ನು". ನನಗಿಂತ ಎರಡು ವರ್ಷ ಹಿರಿಯ, ಒಂದೇ ಕ್ಲಾಸಿನಲ್ಲಿ ಮೂರು ಸಲ ಕೂತು ನನ್ನ ಜೊತೆಗೆ ಬಂದವನು. ಈಗ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಮಾತಾಡಿದರೆ ಪಕ್ಕದ ಬೀದಿಗೂ ಕೇಳುತ್ತದೆ, ಅದಕ್ಕೇ ಆ ಹೆಸರು.

ಬಂದ. ನೋಡಿಯೇ ತಲೆ ಕೆಟ್ಟಿತು. ಕ್ಯಾರಿಯರ್ ಮೇಲೆ ಮಡಚುವ ಕುರ್ಚಿ. ಅದರ ಮೇಲೆ ದಿಂಬು. ಪ್ಲಾಸ್ಟಿಕ್ ಕವರಿನೊಳಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು, ಹ್ಯಾಂಗರ್ ಸಮೇತ ಬೆನ್ನಿಗೆ ನೇತಾಡುತ್ತಿದೆ.

"ಇದ್ಯಾಕೆ?"

"ಬೇಕಾಗುತ್ತೆ."

"ಪಂಪ್ ತಂದ್ಯಾ?"

ತಂದಿಲ್ಲ. ಒಂದು ಪಂಪ್ ತರುವುದು, ಅವನ ಪಾಲಿಗೆ ಇದ್ದದ್ದು ಅದೊಂದೇ ಕೆಲಸ.

ಟೆಂಟಿನ ಭಾರ ಹಂಚಿಕೊಂಡೆವು. ಬಟ್ಟೆ ನನಗೆ. ಕಂಬಿ, ಗೂಟ ಅವನಿಗೆ. ನ್ಯಾಯವಾಗಿ ಇದೆ ಅಂದ. ನ್ಯಾಯದ ಮಾತು ಕುರ್ಚಿ ತಂದವನ ಬಾಯಲ್ಲಿ.

ಅದೇ ದಿನ, ಸಂಜೆ

ಕಾಲುವೆಯ ಏರಿ. ಬೆನ್ನು, ಮೊಣಕಾಲು, ಕೂರುವ ಜಾಗ — ಎಲ್ಲವೂ ಬೇರೆ ಯಾರದ್ದೋ ಎನಿಸುತ್ತಿದೆ.

ಅವನ ಜೊತೆ ಸೈಕಲ್ ಹೊಡೆಯುವುದೆಂದರೆ ದಿನವಿಡೀ ಲೈಸೆನ್ಸ್ ಪರೀಕ್ಷೆಗೆ ಕೂತಂತೆ. ನರಪಿಳ್ಳೆ ಇಲ್ಲದ ದಾರಿಯಲ್ಲೂ ತಿರುವು ಬಂದರೆ ಕೈ ಚಾಚಿ ಸಿಗ್ನಲ್. ಕಾಲುವೆ ಏರಿಯ ಮೇಲೆ ನಮ್ಮನ್ನು ನೋಡಲು ಇದ್ದದ್ದು ಒಂದು ಎಮ್ಮೆ. ಅದಕ್ಕೂ ಸಿಗ್ನಲ್ ಕೊಟ್ಟ. ನಿಂತಿದ್ದ ಟ್ರ್ಯಾಕ್ಟರಿನವನಿಗೆ ಹಿಂದಿನ ದೀಪ ಒಡೆದಿದೆ ಎಂದು ಪಾಠ ಹೇಳಿದ. ಅವನು ನಗುತ್ತಾ ಕೇಳಿಸಿಕೊಂಡ. ನಾನು ಬಿಸಿಲಲ್ಲಿ ನಿಂತಿದ್ದೆ.

ನಡುನಡುವೆ ಫೋನು. ಸೈಕಲ್ ಒರಗಿಸಿ ದೂರ ನಡೆದು ಮಾತಾಡುತ್ತಾನೆ. ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ಇವತ್ತೇ ಗೊತ್ತಾದದ್ದು.

"ಯಾರದು?"

"ಸ್ಟೂಡೆಂಟು. ಗೇರ್ ಬಗ್ಗೆ ಡೌಟಂತೆ."

ಭಾನುವಾರ ಯಾರಿಗಪ್ಪಾ ಗೇರಿನ ಡೌಟು. ತಲುಪಿದೆ ಎಂದು ಹೇಳಲು ಅಕ್ಕನಿಗೆ ಮಾಡಿದರೆ ಅವಳ ಲೈನೂ ಬಿಜಿ.

ಜನವರಿ 20, ಸೋಮವಾರ. ಸಂಜೆ

ಪಂಕ್ಚರ್. ನನ್ನದೇ. ಬೋಳು ಬಯಲಿನ ನಡುವೆ. ಪ್ಯಾಚ್ ಹಾಕುವ ಸಾಮಾನು ನನ್ನ ಚೀಲದಲ್ಲಿತ್ತು, ಹಾಕಿದೆ. ಗಾಳಿ? ಪಂಪ್ ಇಲ್ಲ. ಮುಂದಿನ ಪೆಟ್ರೋಲ್ ಬಂಕ್ ತನಕ ತಳ್ಳಿಕೊಂಡು ನಡೆದೆ. ಅವನು ಪಕ್ಕದಲ್ಲಿ ನಿಧಾನಕ್ಕೆ ತುಳಿಯುತ್ತಾ, "ನಡೆಯೋದೂ ಒಳ್ಳೇದೇ ಕಣೋ, ಸ್ನಾಯು ಸಡಿಲ ಆಗುತ್ತೆ" ಎಂದು ಸಮಾಧಾನ ಮಾಡಿದ. ನೆರಳು ಸಿಕ್ಕಲ್ಲೆಲ್ಲ ಮುಂದೆ ಹೋಗಿ ಕುರ್ಚಿ ಬಿಚ್ಚಿ ಕೂತು ಕಾದ. ಕುರ್ಚಿಯನ್ನು ಕಾಲುವೆಗೆ ಎಸೆಯುವ ಆಸೆ. ಕಾಲುವೆ ಹಿಂದೆ ಉಳಿದಿತ್ತು.

ಬಂಕಿನ ಮ್ಯಾನೇಜರ್ ಹೆಂಗಸು ಒಳ್ಳೆಯವರು. ಹಿಂದಿನ ಖಾಲಿ ಜಾಗದಲ್ಲಿ ಟೆಂಟ್ ಹಾಕಿಕೊಳ್ಳಿ, ಒಲೆ ಮಾತ್ರ ಹಚ್ಚಬೇಡಿ ಎಂದರು. ಗೋಡೆಯ ಮೇಲೆ "ಧೂಮಪಾನ ನಿಶೇಧ". ತಿದ್ದಲು ಕೈ ತುರಿಸಿತು.

ತಣ್ಣನೆ ಬ್ರೆಡ್ಡು ತಿನ್ನುವಾಗ ಅವನು ಗಂಟಲು ಸರಿಮಾಡಿಕೊಂಡ.

"ಒಂದ್ ವಿಷಯ ಹೇಳ್ಬೇಕಿತ್ತು ಕಣೋ."

"ಹೇಳು."

ಬ್ರೆಡ್ಡನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ನಿನ್ನ ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಆಯ್ತು."

ಎದ್ದು ಹೋಗಿ ಮಲಗಿದೆ.

ಜನವರಿ 21, ಮಂಗಳವಾರ. ಮಧ್ಯಾಹ್ನ

ಬೆಟ್ಟ ಹತ್ತಿದ್ದಾಯಿತು. ಹತ್ತಿದ್ದಲ್ಲ, ತಳ್ಳಿದ್ದು. ಏರುದಾರಿಯ ಉದ್ದಕ್ಕೂ ನಿಂತು ನಿಂತು "ಒಂದ್ ವಿಷಯ…" ಎನ್ನುತ್ತಾನೆ. ಉಸಿರು ಸಿಗದಿದ್ದಾಗ ವಿಷಯ ಯಾಕೆ? ಮೇಲೆ ಹೋಗಿ ಹೇಳು ಎಂದೆ. ಮೇಲೆ ಬಂದೆವು. ನೀರು ಕುಡಿದ. ಸುತ್ತ ನೋಡಿದ. "ಇಲ್ಲಿಂದ ನೋಟ ಚೆನ್ನಾಗಿದೆ" ಎಂದ. ಅಷ್ಟೇ.

ಇವನಿಗೇನಾದರೂ ಕಾಯಿಲೆಯೇ? ಹೆಂಡತಿ ತೀರಿಕೊಂಡ ವರ್ಷವೂ ಹೀಗೇ ಮಾತು ನುಂಗುತ್ತಿದ್ದ. ಕೇಳಿಬಿಟ್ಟೆ. "ಮೈಯಲ್ಲಿ ಏನಾದ್ರೂ…?" "ಛೇ, ಗುಂಡುಕಲ್ಲಿದ್ದ ಹಾಗಿದೀನಿ." ಹಾಗಾದರೆ ಏನು ದಾಡಿ?

ಅದೇ ದಿನ, ಸಂಜೆ

ಬರೆಯಲು ಕೈ ಓಡುತ್ತಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ಜಲಾಶಯದ ದಂಡೆ. ಟೆಂಟ್ ಹಾಕಿದೆವು. ಅನ್ನ ಬೇಯಲು ಇಟ್ಟೆ. ಅವನು ನೀರಿಗಿಳಿದು ಮುಖ, ಕುತ್ತಿಗೆ ಉಜ್ಜಿ ತೊಳೆದು ಟೆಂಟಿನೊಳಗೆ ಹೋದ. ಹೊರಗೆ ಬಂದಾಗ ಮೈಮೇಲೆ ಆ ಬಿಳಿ ಶರ್ಟು. ಗುಂಡಿ ಕತ್ತಿನ ತನಕ. ಕೆಳಗೆ ಚಡ್ಡಿ. ತಲೆ ಬಾಚಿದ್ದ. ಕುರ್ಚಿಯನ್ನು ಬಿಚ್ಚಿ ನನ್ನ ಹತ್ತಿರ ಇಟ್ಟ.

"ಕೂತ್ಕೋ."

ಈ ಪ್ರಯಾಣದಲ್ಲಿ ಮೊದಲ ಸಲ ಆ ಕುರ್ಚಿ ನನಗೆ ಸಿಕ್ಕಿತು. ಅವನು ನಿಂತೇ ಇದ್ದ.

"ಬೆಟ್ಟದಿಂದ ಅದೇನೋ ವಿಷಯ ಅಂತಿದೀಯ. ಉಗುಳು."

"ನಿಮ್ಮಕ್ಕನ್ನ ಮದುವೆ ಆಗ್ಬೇಕು ಅಂತ ಇದೀನಿ."

"ಯಾರ ಅಕ್ಕನ್ನ?"

"ನಿನಗೆ ಎಷ್ಟು ಜನ ಅಕ್ಕಂದಿರಪ್ಪಾ?"

ಅನ್ನ ಉಕ್ಕಿತು. ಇಬ್ಬರೂ ನೋಡುತ್ತಲೇ ಇದ್ದೆವು. ಯಾರೂ ಮುಚ್ಚಳ ತೆಗೆಯಲಿಲ್ಲ.

ಆಮೇಲೆ ಅವನ ಬಾಯಿ ಬಿಟ್ಟುಕೊಂಡಿತು. ಹೋದ ವರ್ಷ ಅಕ್ಕ ಅವನ ಸ್ಕೂಲಿಗೆ ಕಾರು ಕಲಿಯಲು ಸೇರಿದಳಂತೆ. ಅಕ್ಕ. ಕಾರು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಸೂಪರ್‌ವೈಸರ್ ಅವಳು. ಶನಿವಾರ ಓವರ್‌ಟೈಮ್ ಎಂದು ಹೇಳಿ ಹೋಗುತ್ತಿದ್ದಳು. ಆ ಓವರ್‌ಟೈಮ್ ಇದೇ. ಲೈಸೆನ್ಸೂ ಬಂದಿದೆ. ಆದರೂ ಶನಿವಾರ ನಿಂತಿಲ್ಲ.

"ಕ್ಲಚ್ಚನ್ನ ಅವರಷ್ಟು ಮೆತ್ತಗೆ ಬಿಡೋರನ್ನ ನಾನು ನೋಡೇ ಇಲ್ಲ ಕಣೋ" ಎಂದ. ಕಣ್ಣಲ್ಲಿ ನೀರು. ಕ್ಲಚ್ಚಿನ ಸಲುವಾಗಿ.

"ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

"ನಾಟಕ ಅನ್ಬೇಡ. ನಿನಗೆ ಹೇಳೋಕೇ ಅಂತಾನೇ ಈ ಟ್ರಿಪ್ಪು. ನಿನ್ನ ಒಪ್ಪಿಗೆ ಇಲ್ದೆ…"

"ನನ್ನ ಹತ್ರ ಕೇಳೋಕೆ ಬೆಟ್ಟ ಹತ್ತಿಸ್ಬೇಕಿತ್ತಾ? ನಮ್ಮ ಮನೆ ಬಾಗಿಲಿಗೆ ಬೀಗ ಹಾಕಿತ್ತಾ?"

"ಮನೇಲಿ ಅವರಿರ್ತಾರಲ್ಲ."

ಅನ್ನದ ಅಡಿ ಹತ್ತಿತ್ತು. ಮೇಲಿನದ್ದನ್ನು ಕೆರೆದು ತಿಂದೆ. ಅವನು ಬಿಳಿ ಶರ್ಟಿನಲ್ಲೇ ದಡದಲ್ಲಿ ಕೂತಿದ್ದಾನೆ.

ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೈದು. ಅಂದಿನಿಂದ ನನ್ನ ತಟ್ಟೆಗೆ ಬಡಿಸಿದವಳು ಅವಳೇ. ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಸದ್ದಿರುತ್ತದೆ. ಆ ಸದ್ದಿಲ್ಲದ ಮನೆ ಹೇಗಿರುತ್ತದೆ ಎಂದು ನಾನು ಯಾವತ್ತೂ

ಬೇಡ.

ಜನವರಿ 22, ಬುಧವಾರ. ಬೆಳಿಗ್ಗೆ, ಟೀ ಅಂಗಡಿ

ಬಿಟ್ಟು ಬಂದೆ. ಅವನು ನೀರು ತರಲು ಹೋಗಿದ್ದಾಗ ನನ್ನ ಚೀಲ, ಹಾಸಿಗೆ, ಟೆಂಟಿನ ಬಟ್ಟೆ ಸುತ್ತಿಕೊಂಡು ಹೊರಟೆ. ಕಂಬಿಗಳು ನೆಲದಲ್ಲಿ ಹಾಗೇ ನಿಂತಿದ್ದವು, ಮಾಂಸವಿಲ್ಲದ ಅಸ್ಥಿಪಂಜರದ ಹಾಗೆ. ಇರಲಿ. ಅದರ ಕೆಳಗೇ ಕೂತು ಕ್ಲಚ್ಚನ್ನು ನೆನೆಯಲಿ.

ನಾಲ್ಕು ಸಲ ಫೋನು ಬಂತು. ಎತ್ತಲಿಲ್ಲ. ಮೈಯಲ್ಲಿ ಇಷ್ಟು ಶಕ್ತಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಸೈಕಲ್ ಚೆನ್ನಾಗಿ ಓಡುತ್ತದೆ. ಟೀ ಅಂಗಡಿಯವನು "ಒಬ್ಬರೇನಾ?" ಎಂದ. ಹೌದು ಒಬ್ಬನೇ, ಏನೀಗ, ಎಂದೆ. ಪಾಪ, ಅವನು ಎಷ್ಟು ಲೋಟ ಎಂದು ತಿಳಿಯಲು ಕೇಳಿದ್ದು.

ಅದೇ ದಿನ, ಸಂಜೆ

ಮುಚ್ಚಿದ ಗೋದಾಮಿನ ಪಕ್ಕ. ಕಂಬಿ ಇಲ್ಲದ ಟೆಂಟ್ ಎಂದರೆ ಇಬ್ಬನಿಗೆ ನೆನೆದ ದೊಡ್ಡ ಬೆಡ್‌ಶೀಟು, ಅಷ್ಟೇ. ಒಂದು ತುದಿ ಸೈಕಲ್ ಹ್ಯಾಂಡಲಿಗೆ, ಇನ್ನೊಂದು ಬೇಲಿಗೆ ಕಟ್ಟಿದ್ದೇನೆ. ನಡುವೆ ಜೋತು ಮೂಗಿಗೆ ತಾಗುತ್ತದೆ. ಪಕ್ಕಕ್ಕೆ ಹೊರಳಿದರೆ ಸೈಕಲ್ ಮೈಮೇಲೆ ಬೀಳುತ್ತದೆ. ಒಮ್ಮೆ ಬಿದ್ದೂ ಆಯಿತು.

ಅಕ್ಕನಿಗೆ ಫೋನ್ ಮಾಡಿದೆ. ಚೆನ್ನಾಗಿ ಕೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

"ಎಲ್ಲಾ ಗೊತ್ತಾಯ್ತು" ಎಂದೆ.

"ಹೇಳಿದ್ರಾ?" ದನಿಯಲ್ಲಿ ಒಂದು ಚೂರೂ ನಡುಕವಿಲ್ಲ. "ಅವರಿಗೆ ಕೊಡು."

"ಅವನು ಇಲ್ಲಿಲ್ಲ."

"ಎಲ್ಲಿ?"

"ಹಿಂದೆ."

"ಹಿಂದೆ ಅಂದ್ರೆ?"

"ಬಿಟ್ಟು ಬಂದೆ. ನನ್ನ ಬೆನ್ನ ಹಿಂದೆ ಒಂದು ವರ್ಷ…"

"ಬಿಟ್ಟು ಬಂದ್ಯಾ? ಕಾಡಲ್ಲಾ?"

"ನನ್ನ ಒಪ್ಪಿಗೆ ಬೇಕಂತೆ ಅವನಿಗೆ. ಶರ್ಟು ಬೇರೆ ಹಾಕ್ಕೊಂಡು ನಿಂತಿದ್ದ."

ಅಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರದ ಗಡಗಡ.

"ನೋಡು ಪುಟ್ಟಾ. ನಾನು ಅವರಿಗೆ ಹೇಳಿದ್ದೆ, ಹೋಗಿ ತಿಳಿಸಿ ಬನ್ನಿ ಅಂತ. ಕೇಳಿ ಬನ್ನಿ ಅಂದಿರ್ಲಿಲ್ಲ. ಅವರು ಅದನ್ನ ಕೆಡಿಸಿದ್ರು. ನಾನೇನು ಬಾಡಿಗೆ ಮನೇನಾ, ನಿನ್ನ ಹತ್ರ ಬೀಗದ ಕೈ ಇಸ್ಕೊಳ್ಳೋಕೆ?"

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ತಿದ್ದೋಕೆ ಕೂರ್ತಿದ್ದೆ. ಈ ವಯಸ್ಸಿಗೆ ಕಾರ್ಯಾಕೆ, ಈ ಬಣ್ಣದ ಸೀರೆ ಯಾಕೆ, ಆ ಮನುಷ್ಯ ಯಾಕೆ. ನನ್ನದೊಂದನ್ನ ನೀನು ನೋಡೋ ಮೊದಲು ನಾನೊಬ್ಬಳೇ ಇಟ್ಕೊಬೇಕು ಅನ್ಸಿತ್ತು."

ಜೋಡಿಸಿಕೊಂಡ ಮಾತೆಲ್ಲ ಎಲ್ಲಿಗೋ ಹೋಯಿತು. ಬಾಯಿಗೆ ಬಂದದ್ದು ಎರಡೇ ಪದ.

"ಮತ್ತೆ ನಾನು?"

"ನಿನಗೆ ನಲವತ್ತಾರು ಕಣೋ."

ಅದು ಬೈಗುಳದ ಹಾಗೆ ಕೇಳಲಿಲ್ಲ. ಬೈದಿದ್ದರೇ ವಾಸಿ ಇತ್ತು.

"ಅವರು ಪಂಪ್ ಮರೆತು ಹೋಗಿದಾರೆ, ಮೊನ್ನೆಯಿಂದ ಅದನ್ನೇ ಕೊರಗ್ತಿದಾರೆ. ಪಂಕ್ಚರ್ ಸಾಮಾನು ನಿನ್ನ ಹತ್ರ ಇದೆ. ಹಿಂದಕ್ಕೆ ಹೋಗು" ಎಂದು ಇಟ್ಟುಬಿಟ್ಟಳು.

ಅವನಿಗೆ ಮಾಡಿದೆ. ಸ್ವಿಚ್ ಆಫ್. ಇನ್ನೊಮ್ಮೆ. ಸ್ವಿಚ್ ಆಫ್. ನಾಟಕ ಇರಬೇಕು… ಬೆಳಿಗ್ಗೆ ನೋಡೋಣ. ಮತ್ತೆ ಮಾಡಿದೆ. ಆಫ್. ಆ ಗಂಟಲಿಗೆ ಫೋನು ಯಾಕೆ, ಬೆಟ್ಟದ ಮೇಲೆ ನಿಂತು ಕೂಗಿದರೆ ಕೇಳಬೇಕಿತ್ತು.

ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ.

ಜನವರಿ 24, ಶುಕ್ರವಾರ. ಬೆಳಿಗ್ಗೆ, ಆರೋಗ್ಯ ಕೇಂದ್ರದ ಜಗಲಿ

ನಿನ್ನೆ ಬರೆಯಲು ಆಗಲಿಲ್ಲ.

ಗುರುವಾರ ಬೆಳಗಾಗುವಷ್ಟರಲ್ಲಿ ಅಕ್ಕನ ಫೋನು. ಹಾರ್ನ್ ಬಿದ್ದಿದ್ದಾನೆ. ಜಲಾಶಯದಿಂದ ಇಳಿಯುವ ದಾರಿಯಲ್ಲಿ, ನನ್ನನ್ನು ಹಿಡಿಯುವ ಆತುರದಲ್ಲಿ. ಕಾಲರ್ ಮೂಳೆ ಮುರಿದಿದೆ. ಫೋನು ಪುಡಿಪುಡಿ. ಯಾರಿಗೆ ತಿಳಿಸಬೇಕು ಎಂದು ಇಲ್ಲಿಯವರು ಕೇಳಿದಾಗ ಅವಳ ನಂಬರ್ ಹೇಳಿದನಂತೆ. ಬಾಯಿಪಾಠ ಇದ್ದದ್ದು ಅದೊಂದೇ. ಇಷ್ಟು ವರ್ಷದ ಸ್ನೇಹ, ನನ್ನ ನಂಬರಿನ ಕೊನೆಯ ಅಂಕೆ ಕೇಳಿದರೂ ಅವನಿಗೆ ಬರುವುದಿಲ್ಲ.

ಇಳಿದು ಬಂದ ದಾರಿಯನ್ನೆಲ್ಲ ಹತ್ತಿದೆ. ಏನೇನು ಯೋಚಿಸಿದೆ ಎಂದು ಬರೆಯುವುದಿಲ್ಲ. ತಿರುವಿನಲ್ಲಿ ಜಲ್ಲಿ ಚೆಲ್ಲಿದ ಜಾಗ ಕಂಡಿತು. ದಿಂಬು ಅಲ್ಲೇ ಬೇಲಿಗೆ ಸಿಕ್ಕಿಕೊಂಡಿತ್ತು. ಕಟ್ಟಿಕೊಂಡು ಬಂದೆ.

ಬಾಗಿಲಲ್ಲಿ ನರ್ಸ್ ತಡೆದರು. ಗಟ್ಟಿ ಹೆಂಗಸು.

"ನೀವೇನಾಗ್ಬೇಕು ಅವರಿಗೆ?"

"ಸ್ನೇಹಿತ."

"ಸ್ನೇಹಿತರು ಹೊರಗಿರಿ. ಸಂಬಂಧಿಕರು ಬಂದ್ಮೇಲೆ ಮಾತಾಡ್ತೀನಿ. ಒಬ್ರು ಸ್ನೇಹಿತರು ಕಾಡಲ್ಲಿ ಬಿಟ್ಟು ಹೋದ್ರಂತೆ, ಆ ಸ್ನೇಹ ಸಾಕು."

ಪರದೆಯ ಕೆಳಗಿನಿಂದ ಅವನ ಪಾದ ಕಾಣುತ್ತಿತ್ತು. ಒಂದು ಕಾಲಿಗೆ ಅಕ್ಕ ಕೊಟ್ಟಿದ್ದ ಕಾಲುಚೀಲ. ಇನ್ನೊಂದು ಬರಿಗಾಲು, ಗೀಚುಗಾಯ.

"ಭಾವಮೈದ" ಎಂದೆ.

"ಏನು?"

"ನಾನು ಇವರ ಭಾವಮೈದ. ಇವರು ನಮ್ಮ ಭಾವ."

"ಮತ್ತೆ ಮೊದಲೇ ಹೇಳೋದಲ್ವಾ?"

"ಮೊದಲು ಆಗಿರ್ಲಿಲ್ಲ."

ನರ್ಸ್ ನನ್ನನ್ನು ಮೇಲಿಂದ ಕೆಳಗೆ ನೋಡಿ ದಾರಿ ಬಿಟ್ಟರು. ಒಳಗೆ ಹೋದರೆ ಚಾವಣಿಯ ಫ್ಯಾನ್ ನೋಡುತ್ತಾ ಮಲಗಿದ್ದ. ಫ್ಯಾನ್ ತಿರುಗುತ್ತಿರಲಿಲ್ಲ.

"ಕೇಳಿಸ್ತು" ಎಂದ.

"ಕೇಳಿಸ್ಲಿ ಅಂತಾನೇ ಅಂದಿದ್ದು. ಹೇಗೆ ಬಿದ್ದೆ?"

"ತಿರುವಿತ್ತು. ಸಿಗ್ನಲ್ ಕೊಟ್ಟೆ."

"ಒಂದು ಕೈ ಬಿಟ್ಟು? ಜಲ್ಲಿ ಮೇಲೆ? ಇಳಿಜಾರಲ್ಲಿ? ಯಾರಿಗೆ ಕೊಟ್ಟೆಯೋ ಸಿಗ್ನಲ್ಲು?"

"ಹಿಂದೆ ಯಾರಾದ್ರೂ ಬರ್ತಿದ್ರೆ ಅಂತ."

ದೇವರೇ. ಕೂತೆ. ಆಮೇಲೆ ನಾನೂ ಅವನೂ ನಕ್ಕೆವು. ನಕ್ಕರೆ ಮೂಳೆ ನೋಯುತ್ತದೆ ಎಂದು ಅವನು ನರಳಿದ, ಅದಕ್ಕೂ ನಗು ಬಂತು. ನರ್ಸ್ ಬಂದು ಇಬ್ಬರನ್ನೂ ಗದರಿದರು.

ಸಂಜೆ ಗಂಜಿ ಕುಡಿಸಿದೆ. ಎಡಗೈಯಲ್ಲಿ ತಾನೇ ಕುಡಿಯುತ್ತೇನೆ ಎಂದು ಅರ್ಧ ಎದೆಯ ಮೇಲೆ ಚೆಲ್ಲಿಕೊಂಡ. ಚಮಚ ಕಿತ್ತುಕೊಂಡೆ. "ನಾವು ನಿಮ್ಮ ಮನೆ ಹತ್ರಾನೇ ಇರ್ತೀವಿ ಕಣೋ, ನಿನ್ನ ಊಟ…" ಎಂದು ಶುರು ಮಾಡಿದ. "ಬಾಯಿ ತೆಗಿ" ಎಂದೆ. ನನ್ನ ಊಟ ನನಗಿರಲಿ. ಕಲಿಯುತ್ತೇನೆ. ಅಡಿ ಹತ್ತಿಸದೆ ಅನ್ನ ಮಾಡುವುದು ಅಷ್ಟೇನೂ ದೊಡ್ಡ ವಿದ್ಯೆ ಇರಲಾರದು.

ಈಗ ಹೊಸ ತಲೆನೋವು. ಕರೆದುಕೊಂಡು ಹೋಗಲು ಅಕ್ಕನೇ ಬರುತ್ತಿದ್ದಾಳೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ. ಒಬ್ಬಳೇ. ಕೇಳಿದ ಕೂಡಲೇ ಇವನ ಮುಖ ಬಿಳುಚಿತು.

"ಬಸ್ಸಲ್ಲಿ ಬರೋಕೆ ಹೇಳೋ. ಊರಿನ ವರ್ತುಲ ರಸ್ತೆ ದಾಟಿ ಅವರು ಒಬ್ರೇ ಬಂದಿಲ್ಲ."

"ಮೇಷ್ಟ್ರು ನೀನು ತಾನೇ?"

"ಅದಕ್ಕೇ ಭಯ."

ಹಾಸಿಗೆಯಲ್ಲಿ ಕೂತಲ್ಲೇ ದಾರಿ ಲೆಕ್ಕ ಹಾಕುತ್ತಿದ್ದಾನೆ. ಈಗ ಕಿರುಸೇತುವೆ ಬಂದಿರುತ್ತದೆ. ಈಗ ಬೆಟ್ಟ, ಎರಡನೇ ಗೇರ್ ಹಾಕಬೇಕು, ಹಾಕಿದರೋ ಇಲ್ಲವೋ. ಎರಡು ನಿಮಿಷಕ್ಕೊಮ್ಮೆ ನನ್ನನ್ನು ರಸ್ತೆ ನೋಡಿ ಬಾ ಎಂದು ಅಟ್ಟುತ್ತಾನೆ. ಅದಕ್ಕೇ ಇಲ್ಲಿ ಜಗಲಿಯ ಮೇಲೆ ಬಂದು ಕೂತದ್ದು.

ಅದೇ ದಿನ, ಮಧ್ಯಾಹ್ನ. ಕಾರಿನಲ್ಲಿ

ಬಂದಳು. ಬಿಸಿಲಿನಲ್ಲಿ ವೈಪರ್ ಓಡಿಸಿಕೊಂಡು. ಆರೋಗ್ಯ ಕೇಂದ್ರದ ಗೇಟು ದಾಟಿ ಮುಂದಕ್ಕೆ ಹೋಗಿ, ಎಲ್ಲೋ ತಿರುಗಿಸಿಕೊಂಡು, ಮತ್ತೆ ಬಂದು, ನೆರಳು ನೋಡಿ ನಿಲ್ಲಿಸಿದಳು. ಇಳಿದು ಸೆರಗು ಕೊಡವಿದಳು. ನಾನು ಮೆಟ್ಟಿಲಲ್ಲಿ ಎದ್ದು ನಿಂತೆ. ಬೈಯಲಿ ಎಂದು ಕಾದೆ.

ಬೈಯಲಿಲ್ಲ. ನನ್ನ ಭುಜ ಒಂದು ಸಲ ಮುಟ್ಟಿ, ನನ್ನನ್ನು ದಾಟಿ ಸೀದಾ ಒಳಗೆ ಹೋದಳು.

ಹಿಂದೆ ಹೋಗಬೇಕೆಂದು ಎರಡು ಹೆಜ್ಜೆ ಇಟ್ಟೆ. ಆಮೇಲೆ ವಾಪಸ್ ಬಂದು ಸೈಕಲ್‌ಗಳನ್ನು ಕಾರಿನ ಮೇಲೆ ಏರಿಸಿ ಕಟ್ಟಿದೆ. ನಿಧಾನಕ್ಕೆ ಕಟ್ಟಿದೆ. ಬೇಕಾಗಿದ್ದಕ್ಕಿಂತ ಹೆಚ್ಚು ಗಂಟು ಹಾಕಿದೆ. ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಗಿತ್ತು. ಅಕ್ಕನ ಕೈಯಲ್ಲಿ ಅವನ ಒಂಟಿ ಚಪ್ಪಲಿ.

ಅವನನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದಳು. ಮುಂದೆ ಕೂರುತ್ತೇನೆ ಎಂದು ಅವನು ಹಟ ಹಿಡಿದ. "ಮೂಳೆ ಮುರ್ಕೊಂಡೋರು ಹಿಂದೆ" ಎಂದಳು. ಹಾಗಾಗಿ ನಾನು ಮುಂದೆ. ಮೇಷ್ಟ್ರ ಸೀಟು. ಕಾಲ ಕೆಳಗೆ ಇನ್ನೊಂದು ಬ್ರೇಕ್ ಪೆಡಲ್ ಇದೆ. ಕಲಿಯುವವರು ತಪ್ಪಿದರೆ ಒತ್ತಲು.

"ಅದನ್ನ ಮುಟ್ಬೇಡ" ಎಂದಳು ಅಕ್ಕ.

"ಮುಟ್ಟಲ್ಲ."

"ಏನಾದ್ರೂ ಆದ್ರೆ ಮುಟ್ಟೋ" ಎಂದ ಹಿಂದಿನಿಂದ ಭಾವ.

"ಏನೂ ಆಗಲ್ಲ. ನೀವು ಮಲ್ಕೊಳ್ಳಿ. ನೀನು ಕಾಲು ಎತ್ತಿಟ್ಕೋ."

ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡಿದ್ದೇನೆ. ಈ ವಯಸ್ಸಿನಲ್ಲಿ. ಪುಸ್ತಕ ಮೊಣಕಾಲ ಮೇಲೆ. ಅಕ್ಷರ ಕುಣಿಯುತ್ತಿವೆ. ಕ್ಲಚ್ ಬಿಡುವುದು ಮೆತ್ತಗಿದೆ, ಒಪ್ಪಬೇಕಾದ್ದೇ. ಅವಳ ಮುಖ ಇಷ್ಟು ಹತ್ತಿರದಿಂದ, ನನ್ನ ಕಡೆ ತಿರುಗದೆ, ಬರೀ ಮುಂದಕ್ಕೆ ನೋಡುತ್ತಿರುವುದನ್ನು ನಾನು ಕಂಡದ್ದಿಲ್ಲ. ಹಿಂದಿನಿಂದ "ಹಾರ್ನ್ ಹೊಡೀರಿ, ಹಾರ್ನ್ ಹೊಡೀರಿ" ಎಂಬ ನರಳಾಟ. ನಮ್ಮ ಮುಂದೆ ಮರದ ದಿಮ್ಮಿ ಹೇರಿಕೊಂಡು ತೆವಳುತ್ತಿರುವ ಲಾರಿ. ಅಕ್ಕ ಕನ್ನಡಿ ನೋಡಿದಳು. ಗೇರ್ ಬದಲಿಸಿದಳು. ಇಲ್ಲ, ಇದು ಬೇಡ ಅಕ್ಕಾ, ತಿರುವಿದೆ, ಎನ್ನುವಷ್ಟರಲ್ಲಿ ಅವಳು ಬಲಕ್ಕೆ ತಿರುಗಿಸಿ, ಲಾರಿ ದಾಟಿ, ಮತ್ತೆ ಎಡಕ್ಕೆ ಬಂದೂ ಆಯಿತು. ನನ್ನ ಕಾಲು ಇನ್ನೂ ಸೀಟಿನ ಮೇಲೇ ಇದೆ.